ಬಾಂಬು ಹಾಲಿನ ಲೋಟಕ್ಕೆ ಬಂದಾಗ

ಮಗುವಿನ ಹಾಲುಹಲ್ಲು ಬಿದ್ದರೆ ನಮ್ಮ ಹಳ್ಳಿಗಳಲ್ಲಿ ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಯುತ್ತಾರೆ. ಅಮೆರಿಕದ ಮಕ್ಕಳು ದಿಂಬಿನ ಕೆಳಗಿಟ್ಟು ಮಲಗುತ್ತಾರೆ. ರಾತ್ರಿ ಕಿನ್ನರಿ ಬಂದು ಹಲ್ಲು ಒಯ್ದು, ಆ ಜಾಗದಲ್ಲಿ ನಾಣ್ಯ ಇಟ್ಟು ಹೋಗುತ್ತಾಳೆ ಎಂಬುದು ಅಲ್ಲಿನ ನಂಬಿಕೆ. 1950ರ ದಶಕದ ಕೊನೆಯಲ್ಲಿ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಮಕ್ಕಳು ಕಿನ್ನರಿಗೆ ಕೊಡಬೇಕಾದ ಹಲ್ಲನ್ನು ಲಕೋಟೆಗೆ ಹಾಕಿ ವಿಜ್ಞಾನಿಗಳಿಗೆ ಕಳಿಸತೊಡಗಿದರು. ಜೊತೆಗೆ ಅಮ್ಮ ತುಂಬಿದ ಒಂದು ಚೀಟಿ: ಮಗು ಹುಟ್ಟಿದ್ದು ಯಾವಾಗ, ಎಲ್ಲಿ, ಕುಡಿದದ್ದು ಎದೆಹಾಲೋ ಬಾಟಲಿ ಹಾಲೋ. ಹಲ್ಲು ಕೊಟ್ಟವರಿಗೆ ಅಂಗಿಗೆ ಸಿಕ್ಕಿಸಿಕೊಳ್ಳಲು ಒಂದು ಬಿಲ್ಲೆ ಸಿಗುತ್ತಿತ್ತು. ಅದರಲ್ಲಿ ಹಲ್ಲುದುರಿದ ಬಾಯಿ ಬಿಟ್ಟು ನಗುವ ಹುಡುಗ. ಸುತ್ತ, ನನ್ನ ಹಲ್ಲನ್ನು ವಿಜ್ಞಾನಕ್ಕೆ ಕೊಟ್ಟೆ ಎಂಬ ಬರಹ.

1970ರ ಹೊತ್ತಿಗೆ ಹೀಗೆ ಸೇರಿದ ಹಲ್ಲುಗಳು ಸುಮಾರು 3,20,000.

ಅಮೆರಿಕದ ಜನ ಅಣ್ವಸ್ತ್ರದ ಬಗ್ಗೆ ಏನು ಯೋಚಿಸುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಹಲ್ಲುಗಳು. ಸಮೀಕ್ಷೆಯ ಅಂಕಿಗಳು ಆಮೇಲೆ.

ಆ ಅಂಕಿಗಳೂ ಸಾಮಾನ್ಯದವಲ್ಲ. 1945ರ ಆಗಸ್ಟ್‌ನಲ್ಲಿ, ಹಿರೋಶಿಮಾ, ನಾಗಸಾಕಿಗಳ ಹೊಗೆ ಆರುವ ಮೊದಲೇ ಗ್ಯಾಲಪ್ ಸಂಸ್ಥೆ ಜನರನ್ನು ಕೇಳಿತು. ಬಾಂಬು ಹಾಕಿದ್ದು ಸರಿ ಎಂದವರು ಶೇ 85. ಆ ವರ್ಷದ ಕೊನೆಗೆ ಫಾರ್ಚೂನ್ ಪತ್ರಿಕೆ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಶೇ 23 ಜನ, ಜಪಾನ್ ಶರಣಾಗುವ ಮೊದಲೇ ಇನ್ನೂ ಹೆಚ್ಚು ಬಾಂಬು ಹಾಕಬೇಕಿತ್ತು ಎಂದರು. ಇವರೆಲ್ಲ ರಾಕ್ಷಸರಲ್ಲ. ಮಗನನ್ನೋ ತಮ್ಮನನ್ನೋ ಯುದ್ಧಕ್ಕೆ ಕಳಿಸಿ, ತಂತಿ ಬರುತ್ತದೇನೋ ಎಂದು ಹೆದರಿ ಕೂತಿದ್ದ ಮನೆಗಳ ಜನ. ಅವರಿಗೆ ಬಾಂಬು ಎಂದರೆ ಮಗ ಬದುಕಿ ಮನೆಗೆ ಬರುವುದು. ಅದರಡಿ ಬೆಂದ ಮಕ್ಕಳ ಮುಖ ಅವರು ಕಂಡಿರಲಿಲ್ಲ. ಮರುವರ್ಷ ಆಗಸ್ಟ್ 31ರ ನ್ಯೂಯಾರ್ಕರ್ ಸಂಚಿಕೆ ಇಡೀ ಜಾನ್ ಹರ್ಸಿಯ ಹಿರೋಶಿಮಾ ವರದಿಗೆ ಮೀಸಲಾಯಿತು. ಬದುಕುಳಿದ ಆರು ಜನರ ಕಥೆ ಓದಿ ಎಷ್ಟೋ ಓದುಗರು ಕಲಕಿಹೋದರು. ಆದರೂ ದೇಶ ಬಾಂಬಿನ ಮೇಲಿನ ನಂಬಿಕೆ ಬಿಡಲಿಲ್ಲ.

1951ರಿಂದ ನೆವಾಡಾ ಮರುಭೂಮಿಯಲ್ಲೇ ಅಣ್ವಸ್ತ್ರ ಪರೀಕ್ಷೆಗಳು ಶುರುವಾದವು. ಲಾಸ್ ವೇಗಸ್‌ಗೆ ಬಂದ ಪ್ರವಾಸಿಗರು ನಸುಕಿನಲ್ಲೆದ್ದು ದೂರದ ಅಣಬೆ ಮೋಡವನ್ನು ತಮಾಷೆಯಂತೆ ನೋಡುತ್ತಿದ್ದರು. 1954ರ ಮಾರ್ಚ್‌ನಲ್ಲಿ ಬಿಕಿನಿ ಹವಳದ್ವೀಪದ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಮೀನುಗಾರರ ಮೇಲೆ ಬಿತ್ತು. ಅದಾಗಿ ತಿಂಗಳಿಗೆ, ಏಪ್ರಿಲ್ 2ರಂದು, ನೆಹರೂ ನಮ್ಮ ಲೋಕಸಭೆಯಲ್ಲಿ ನಿಂತು ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಕೇಳಿದರು. ವಾಷಿಂಗ್ಟನ್ ಕಿವಿಗೊಡಲಿಲ್ಲ.

ಕಿವಿಗೊಡುವಂತೆ ಮಾಡಿದ್ದು ಹಾಲು. ಸ್ಫೋಟದ ದೂಳಿನಲ್ಲಿ ಸ್ಟ್ರಾನ್ಷಿಯಂ-90 ಎಂಬ ವಿಕಿರಣ ಧಾತು ಇರುತ್ತದೆ. ಗಾಳಿಯಲ್ಲಿ ತೇಲಿ, ಮಳೆಯ ಜೊತೆ ಹುಲ್ಲಿಗೆ ಇಳಿಯುತ್ತದೆ. ಹಸು ಹುಲ್ಲು ಮೇಯುತ್ತದೆ, ಮಗು ಹಾಲು ಕುಡಿಯುತ್ತದೆ. ದೇಹಕ್ಕೆ ಅದೂ ಕ್ಯಾಲ್ಸಿಯಂ ಥರವೇ ಕಾಣುವುದರಿಂದ ಎಲುಬಿನಲ್ಲಿ, ಹಲ್ಲಿನಲ್ಲಿ ಹೋಗಿ ಕೂರುತ್ತದೆ. ಅದರ ಕಸುವು ಅರ್ಧಕ್ಕಿಳಿಯಲು ಸುಮಾರು 29 ವರ್ಷ ಬೇಕು. ಜೀವಂತ ಮಗುವಿನ ಎಲುಬು ತೆಗೆದು ಪರೀಕ್ಷಿಸುವಂತಿಲ್ಲ. ತಾನಾಗಿ ಉದುರುವ ಹಲ್ಲನ್ನು ಪರೀಕ್ಷಿಸಬಹುದು. ಸೇಂಟ್ ಲೂಯಿಸ್‌ನಲ್ಲಿ ಜೀವವಿಜ್ಞಾನಿ ಬ್ಯಾರಿ ಕಾಮನರ್ ಮತ್ತು ಅವರ ಸಂಗಡಿಗರು ಊರಿನವರನ್ನೇ ಸೇರಿಸಿ ಸಮಿತಿ ಕಟ್ಟಿದರು. ಹಲ್ಲು ಸಂಗ್ರಹದ ಹೊಣೆ ಹೊತ್ತವರು ವೈದ್ಯೆ ಲೂಯಿಸ್ ರೀಸ್. ಶಾಲೆ, ಚರ್ಚು, ಗ್ರಂಥಾಲಯ, ದಂತವೈದ್ಯರ ಕೋಣೆ, ಎಲ್ಲ ಕಡೆ ಚೀಟಿ ಹಂಚಲಾಯಿತು. 1961ರಲ್ಲಿ ಮೊದಲ ಫಲಿತಾಂಶ ಸೈನ್ಸ್ ಪತ್ರಿಕೆಯಲ್ಲಿ ಬಂತು. ಪರೀಕ್ಷೆಗಳು ಹೆಚ್ಚಿದಂತೆ ಹಲ್ಲಿನೊಳಗಿನ ಸ್ಟ್ರಾನ್ಷಿಯಂ ಕೂಡ ಏರಿತ್ತು.

ಅದೇ ವರ್ಷ ನವೆಂಬರ್ 1ರಂದು ಸುಮಾರು 60 ಊರುಗಳಲ್ಲಿ ಹೆಂಗಸರು ಮನೆಗೆಲಸ ಬಿಟ್ಟು ಬೀದಿಗಿಳಿದರು. ಸಂಘಟಕರ ಲೆಕ್ಕದಲ್ಲಿ 50,000 ಜನ. ವಿದೇಶಾಂಗ ನೀತಿ ಗಂಡಸರ ಮಾತು ಎಂದಿದ್ದ ದೇಶದಲ್ಲಿ ತಾಯಂದಿರು ಹಾಲಿನ ಬಗ್ಗೆ ಕೇಳುತ್ತಿದ್ದರು, ಅದಕ್ಕೆ ಉತ್ತರಿಸದೆ ಜಾರಿಕೊಳ್ಳುವುದು ಯಾವ ಸೆನೆಟರಿಗೂ ಸುಲಭವಿರಲಿಲ್ಲ. 1963ರ ಜುಲೈ 26ರಂದು ಟಿವಿಯಲ್ಲಿ ಮಾತಾಡಿದ ಕೆನಡಿ, ಎಲುಬಿನಲ್ಲಿ ಕ್ಯಾನ್ಸರ್ ಹೊತ್ತ ಮಕ್ಕಳ, ಮೊಮ್ಮಕ್ಕಳ ಪ್ರಸ್ತಾಪ ಮಾಡಿದರು. ವಾತಾವರಣದಲ್ಲಿ ಅಣ್ವಸ್ತ್ರ ಪರೀಕ್ಷೆ ನಿಷೇಧಿಸುವ ಒಪ್ಪಂದವನ್ನು ಸೆನೆಟ್ ಸೆಪ್ಟೆಂಬರ್‌ನಲ್ಲಿ 80-19 ಮತಗಳಿಂದ ಒಪ್ಪಿತು. ಕ್ಯೂಬಾ ಬಿಕ್ಕಟ್ಟಿನ ಭಯವೂ ಮಾಸ್ಕೋದ ಜೊತೆಗಿನ ರಾಜತಂತ್ರವೂ ಅದರ ಹಿಂದಿದ್ದವು, ನಿಜ. ಆದರೆ ಕಾಲಬುಡಕ್ಕೆ ನೀರು ಬಂದಿದ್ದರಿಂದಲೇ ಜನ ಎದ್ದರು.

ನೀರು ಇಳಿದ ಕೂಡಲೇ ಮತ್ತೆ ಕೂತರು ಎಂಬುದು ನನ್ನನ್ನು ನೋಯಿಸುವ ಭಾಗ. ಪರೀಕ್ಷೆಗಳು ನೆಲದಡಿಗೆ ಹೋದವು, ಹಾಲು ತಿಳಿಯಾಯಿತು, ಚಳವಳಿ ಸೊರಗಿತು. ಬಾಂಬುಗಳು ಮಾತ್ರ ಬೆಳೆದವು. ಒಪ್ಪಂದವಾಗಿ ನಾಲ್ಕೇ ವರ್ಷಕ್ಕೆ, 1967ರಲ್ಲಿ, ಅಮೆರಿಕದ ದಾಸ್ತಾನು 31,255ಕ್ಕೆ ಮುಟ್ಟಿತು. ಅದೇ ಅದರ ಶಿಖರ. 1992ರವರೆಗೆ ನಡೆದ ಒಟ್ಟು 1,054 ಪರೀಕ್ಷೆಗಳಲ್ಲಿ ಹೆಚ್ಚಿನವು ಯಾರ ಕಣ್ಣಿಗೂ ಬೀಳದೆ ನೆಲದಡಿಯಲ್ಲೇ ನಡೆದವು. ನಡುವೆ 1982ರ ಜೂನ್ 12ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಹತ್ತು ಲಕ್ಷ ಜನ ಸೇರಿ ಅಣ್ವಸ್ತ್ರ ನಿಲ್ಲಿಸಿ ಎಂದದ್ದುಂಟು. ರೇಗನ್ ಕಾಲದಲ್ಲಿ ಯುದ್ಧ ತಲೆಯ ಮೇಲೇ ತೂಗುತ್ತಿದೆ ಎನಿಸಿದ ದಿನಗಳವು.

ದೂರದ ಜನರ ವಿಷಯ ಬಂದಾಗ ಏನಾಗುತ್ತದೆ? ಸ್ಕಾಟ್ ಸೇಗನ್, ಬೆಂಜಮಿನ್ ವ್ಯಾಲೆಂಟಿನೋ ಎಂಬ ಇಬ್ಬರು ವಿದ್ವಾಂಸರು 2015ರಲ್ಲಿ ಅಮೆರಿಕನ್ನರ ಮುಂದೆ ಒಂದು ಕಲ್ಪಿತ ಇರಾನ್ ಯುದ್ಧ ಇಟ್ಟರು. ಸೇನೆ ಮುನ್ನುಗ್ಗಿದರೆ 20,000 ಅಮೆರಿಕನ್ ಸೈನಿಕರು ಸಾಯುತ್ತಾರೆ. ಒಂದು ಅಣುಬಾಂಬು ಹಾಕಿದರೆ ಯುದ್ಧ ಮುಗಿಯುತ್ತದೆ, ಆದರೆ 1,00,000 ಇರಾನಿ ನಾಗರಿಕರು ಸಾಯುತ್ತಾರೆ. ಬಾಂಬು ಹಾಕಿದರೆ ಒಪ್ಪುತ್ತೇವೆ ಎಂದವರು ಶೇ 60ರ ಆಸುಪಾಸು. ಸಾಯುವ ನಾಗರಿಕರ ಸಂಖ್ಯೆಯನ್ನು 20 ಲಕ್ಷಕ್ಕೆ ಏರಿಸಿದಾಗಲೂ ಒಪ್ಪಿಗೆ ಹೆಚ್ಚುಕಮ್ಮಿ ಅಷ್ಟೇ ಇತ್ತು. ಇಪ್ಪತ್ತು ಲಕ್ಷ ಎಂಬುದು ಅವರಿಗೆ ಬರೀ ಅಂಕಿಯಾಗಿ ಉಳಿಯಿತು. ಆ ಇಪ್ಪತ್ತು ಲಕ್ಷದಲ್ಲಿ ಒಬ್ಬ ಮಗುವಿನ ಹಲ್ಲನ್ನೂ ಯಾರೂ ಅವರ ಅಂಗೈಯಲ್ಲಿ ಇಟ್ಟಿರಲಿಲ್ಲ.

ಹಾಗೆಂದು ಆಸೆ ಬಿಡಬೇಕಿಲ್ಲ. ಹಿರೋಶಿಮಾ ಬಾಂಬು ಸಮರ್ಥನೀಯ ಎಂದವರು 2015ರ ಪ್ಯೂ ಸಮೀಕ್ಷೆಯಲ್ಲಿ ಶೇ 56 ಇದ್ದರು. 2025ರಲ್ಲಿ ಅದೇ ಸಂಸ್ಥೆ ಕೇಳಿದಾಗ ಹಾಗೆಂದವರು ಶೇ 35. ಅಲ್ಲ ಎಂದವರು ಶೇ 31, ಹೇಳಲು ಬರುವುದಿಲ್ಲ ಎಂದವರು ಶೇ 33. ಈ ಸಲ ಆ ಮೂರನೆಯ ಉತ್ತರವನ್ನೂ ನೇರವಾಗಿ ಮುಂದಿಟ್ಟಿದ್ದರಿಂದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೂಗಬಾರದು. ಆದರೂ 1945ರ ಶೇ 85ರ ಗಟ್ಟಿ ದನಿ ಇವತ್ತು ಇಲ್ಲ. ಗಂಡಸರಲ್ಲಿ ಅರ್ಧದಷ್ಟು ಜನ ಈಗಲೂ ಸರಿ ಎನ್ನುತ್ತಾರೆ. ಹೆಂಗಸರಲ್ಲಿ ಹಾಗೆನ್ನುವವರು ಐವರಲ್ಲಿ ಒಬ್ಬರು. ಈ ಅಸ್ತ್ರಗಳಿಂದ ಜಗತ್ತು ಹೆಚ್ಚು ಅಪಾಯದಲ್ಲಿದೆ ಎನ್ನುವವರು ಶೇ 69.

ಸೇಂಟ್ ಲೂಯಿಸ್‌ನ ಹಲ್ಲುಗಳಲ್ಲಿ ಸುಮಾರು 85,000 ಪರೀಕ್ಷೆಯಾಗದೆ ಉಳಿದಿದ್ದವು. 2001ರಲ್ಲಿ ಅವು ಅಲ್ಲಿನ ವಿಶ್ವವಿದ್ಯಾಲಯವೊಂದರ ಹಳೆಯ ಮದ್ದುಗುಂಡಿನ ಉಗ್ರಾಣದಲ್ಲಿ ಸಿಕ್ಕವು. ಮಗುವಿನ ವಿವರ ಬರೆದ ಚೀಟಿಗಳು ಅವುಗಳ ಜೊತೆಗೇ ಇದ್ದವು. ಆ ಮಕ್ಕಳಿಗೆ ಈಗ ಅರವತ್ತು, ಎಪ್ಪತ್ತರ ವಯಸ್ಸು. ಹಾರ್ವರ್ಡ್‌ನ ಸಂಶೋಧಕರು ಅವರಲ್ಲಿ ಸಾಧ್ಯವಾದವರನ್ನೆಲ್ಲ ಹುಡುಕಿ ಮಾತಾಡಿಸುತ್ತಿದ್ದಾರೆ.