ನಿಮಗಿದು ಗೊತ್ತೇ? ಕೊಂಬಿನ ಗ್ರಾಮಫೋನ್ ಇಟ್ಟರಷ್ಟೇ ಸಾಲದು!

ಕಾಲೇಜು ಹುಡುಗ ಹುಡುಗಿಯರು ಆಲ್ಬಂ ಸಾಂಗ್ ಮಾಡುವುದು ಈಗ ಮಾಮೂಲು. ‘ಒಂದೇ ಹಾಡು, ಐದಾರು ದಶಕ’ ಎಂದು ಕಥೆ ಹೆಣೆದರಂತೂ ಸೆಟ್ಟು, ಪ್ರಾಪರ್ಟಿ ನೋಡಿಕೊಳ್ಳುವವರ ನಿದ್ದೆ ಹೋಯಿತೆಂದೇ ಅರ್ಥ. ಅವರಿಗಾಗಿ ಈ ಸಲದ ಕಂತು.

● ಹಳೆಯ ಕಾಲ ಎಂದ ಕೂಡಲೇ ಹಿತ್ತಾಳೆ ಕೊಂಬಿನ ಗ್ರಾಮಫೋನ್ ಹೊತ್ತು ತರುತ್ತಾರೆ. ಕೊಂಬನ್ನು ಪೆಟ್ಟಿಗೆಯೊಳಗೆ ಅಡಗಿಸಿದ ವಿಕ್ಟ್ರೋಲಾ ಅಮೆರಿಕದಲ್ಲಿ 1906ರಲ್ಲೇ ಮಾರಾಟಕ್ಕೆ ಬಂದಿತ್ತು! 1965ರ ಹಾಸ್ಟೆಲ್ ಕೋಣೆಗೆ ಸೂಟ್‌ಕೇಸಿನ ಹಾಗೆ ಮುಚ್ಚಿ ಒಯ್ಯುವ ರೆಕಾರ್ಡ್ ಪ್ಲೇಯರ್ ಒಪ್ಪುತ್ತದೆ.

● ಅದರ ಮೇಲೆ ಬೀಟಲ್ಸ್ ತಂಡದ, ನಿಮಿಷಕ್ಕೆ 78 ಸುತ್ತಿನ ತಟ್ಟೆ ಇಟ್ಟರೆ ತಪ್ಪೆನ್ನಬೇಡಿ. ಬ್ರಿಟನ್ನಿನಲ್ಲಿ 78ರ ಕಾಲ ಮುಗಿದ ಮೇಲೂ ನಮ್ಮ ದೇಶದಲ್ಲಿ ಬೀಟಲ್ಸ್ ಹಾಡುಗಳು ಆ ತಟ್ಟೆಗಳಲ್ಲಿ ಅಚ್ಚಾದವು. ಅವನ್ನು ನುಡಿಸಲು ಕೀ ಕೊಡುವ ಗ್ರಾಮಫೋನ್ ಸಾಕು, ಅದಕ್ಕೆ ಕರೆಂಟು ಬೇಡವಲ್ಲ!

● ಕಾಲದ ಗುಟ್ಟು ಬಿಟ್ಟುಕೊಡುವುದು ದೊಡ್ಡ ಸಾಮಾನಲ್ಲ, ಗೋಡೆಯ ಮೇಲಿನ ಅಕ್ಷರ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. 1968ರ ಕಾಲೇಜು ಬೋರ್ಡಿನಲ್ಲಿ ಆರು ಅಂಕಿ ಬರೆದರೆ ಕೆಟ್ಟಿತು. 1973ರ ನವೆಂಬರ್ 1ಕ್ಕಿಂತ ಹಿಂದಿನ ದೃಶ್ಯವಾದರೆ ‘ಕರ್ನಾಟಕ ಸರ್ಕಾರ’ ಅಲ್ಲ, ‘ಮೈಸೂರು ಸರ್ಕಾರ’. ಸ್ಕೂಟರಿನ ನಂಬರ್ ಪ್ಲೇಟಿನ ಮೇಲೆ ‘ಕೆಎ’ ಬೇಡ. ಆ ಅಕ್ಷರಗಳು 1988ರ ಮೋಟಾರು ವಾಹನ ಕಾಯ್ದೆಯ ನಂತರದವು. ಇನ್ನು ಹೋಟೆಲಿನ ದರಪಟ್ಟಿ. ಅಡ್ಡಗೆರೆಯ ‘₹’ ಚಿಹ್ನೆಗೆ ಒಪ್ಪಿಗೆ ಸಿಕ್ಕಿದ್ದು 2010ರ ಜುಲೈನಲ್ಲಿ, ಅಲ್ಲಿಯವರೆಗೂ ‘ರೂ.’ ಅಷ್ಟೇ. 1957ರಿಂದ 1964ರವರೆಗಿನ ಕಾಫಿಯಾದರೆ ಬೆಲೆಯನ್ನು ‘ನಯಾ ಪೈಸೆ’ಯಲ್ಲಿ ಬರೆಯಿರಿ. ಇದಕ್ಕೆಲ್ಲ ಖರ್ಚು ಒಂದು ಡಬ್ಬಿ ಬಣ್ಣ. ಗ್ರಾಮಫೋನ್ ಬಾಡಿಗೆಗೆ ದುಡ್ಡು ಸುರಿದು ಬೋರ್ಡನ್ನು ಮರೆಯುವವರೇ ಹೆಚ್ಚು, ಅದೇ ಬೇಸರ.

● 1970ರ ದಶಕದ ಬೆಂಗಳೂರಿನ ತಾರಸಿಗೆ ಟಿವಿ ಆಂಟೆನಾ ಕಟ್ಟಬೇಡಿ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಆದರೆ ಅದಕ್ಕೂ ಮೊದಲೇ ಟಿವಿ ಕಂಡ ಊರುಗಳು ಕರ್ನಾಟಕದಲ್ಲಿದ್ದವು! 1975–76ರ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬರುತ್ತಿತ್ತು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಸಿಗ್ನಲ್ ಹಿಡಿಯುತ್ತಿದ್ದುದು ಕೋಳಿಗೂಡಿಗೆ ಹೊಡೆಯುವಂಥ ತಂತಿಬಲೆಯ, ಮೂರು ಮೀಟರ್ ಅಗಲದ ಡಿಶ್. ಹಾರ್ಡ್‌ವೇರ್ ಅಂಗಡಿಯ ಬಲೆ ಮತ್ತು ಬಿದಿರಿನಲ್ಲಿ ಅದನ್ನು ಕಟ್ಟಿಬಿಡಬಹುದು. ಹಳ್ಳಿಯ ಕಟ್ಟೆ, ಒಂದು ಟಿವಿ, ಸುತ್ತ ಇಡೀ ಊರು. ಇಂಥ ದೃಶ್ಯವನ್ನು ಯಾವ ಆಲ್ಬಂನಲ್ಲೂ ನಾನಂತೂ ನೋಡಿಲ್ಲ.

● ಹಳೇ ಡಬ್ಬಾ ಟಿವಿ ಗುಜರಿಯಲ್ಲಿ ಸಿಕ್ಕಿತೇ? ಮೊಬೈಲಿನಲ್ಲಿ ಶೂಟ್ ಮಾಡಿದರೆ ಪರದೆಯ ಮೇಲೆ ಕಪ್ಪು ಪಟ್ಟಿ ಉರುಳುತ್ತದೆ. ನಮ್ಮ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಮೊಬೈಲಿನಲ್ಲಿ ಸಾಮಾನ್ಯವಾಗಿ 30. ಕ್ಯಾಮೆರಾವನ್ನು 25ಕ್ಕೆ, ಶಟರನ್ನು 1/50ಕ್ಕೆ ಇಟ್ಟರೆ ಪಟ್ಟಿಯ ಕಾಟ ಬಹುಪಾಲು ತಪ್ಪುತ್ತದೆ.

● ಕಪ್ಪು ಬಿಳುಪು ದೃಶ್ಯವಾದರೆ ಗೋಡೆಗೆ ಬೂದು ಬಣ್ಣವನ್ನೇ ಬಳಿಯಬೇಕಿಲ್ಲ. 1964ರಲ್ಲಿ ಶುರುವಾದ ಅಮೆರಿಕದ ‘ದಿ ಆಡಮ್ಸ್ ಫ್ಯಾಮಿಲಿ’ ಧಾರಾವಾಹಿಯ ಭೂತಬಂಗಲೆಯಂಥ ಹಜಾರದಲ್ಲಿ ಗುಲಾಬಿ ಬಣ್ಣ ತುಂಬಿತ್ತು! ಹಿಚ್‌ಕಾಕ್ ಅವರ ‘ಸೈಕೋ’ದಲ್ಲಿ (1960) ಹರಿದ ರಕ್ತ ಚಾಕೊಲೇಟ್ ಸಿರಪ್. ಕೆಂಪು ಸೀರೆಯೂ ಹಸಿರು ಗೋಡೆಯೂ ಒಂದೇ ಬೂದಾಗಿ ಬೆರೆತುಹೋಗಬಹುದು. ಮೊದಲು ಮೊಬೈಲಿನಲ್ಲಿ ಕಪ್ಪು ಬಿಳುಪು ಮಾಡಿ ನೋಡಿಕೊಳ್ಳಿ.

● 1970ರ ದಶಕದ ಪ್ರೇಮಿ ದೂರದ ಊರಿಗೆ ಮಾತಾಡಲು ಹಳದಿ ಬೋರ್ಡಿನ ಎಸ್‌ಟಿಡಿ ಬೂತಿಗೆ ಓಡುವಂತಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಮೊಬೈಲು? 1995ರ ಜುಲೈ 31ಕ್ಕಿಂತ ಮೊದಲು ಬೇಡವೇ ಬೇಡ.

● ದುಡ್ಡಿಲ್ಲವೇ? ಬಾಬ್ ಡಿಲನ್ 1965ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಹಿಂದಿನ ಓಣಿಯಲ್ಲಿ ನಿಂತು, ಹಾಡಿನ ಪದ ಬರೆದ ರಟ್ಟುಗಳನ್ನು ಒಂದೊಂದಾಗಿ ಬೀಳಿಸಿದರು. ಆ ಹಾಡಿನ ಚಿತ್ರೀಕರಣಕ್ಕೆ ಸೆಟ್ಟು ಅಷ್ಟೇ. ಬೇಕೆಂದೇ ಕೆಲವು ಪದಗಳನ್ನು ತಪ್ಪಾಗಿ ಬರೆದಿದ್ದರು.

● ಅದಕ್ಕೆ ತದ್ವಿರುದ್ಧ, ಮೈಕೆಲ್ ಮತ್ತು ಜಾನೆಟ್ ಜಾಕ್ಸನ್‌ರ ‘ಸ್ಕ್ರೀಮ್’ (1995). ಅಂತರಿಕ್ಷನೌಕೆಯ ಸೆಟ್ಟುಗಳು ಸೇರಿ ಸುಮಾರು 70 ಲಕ್ಷ ಡಾಲರ್ ಎಂಬುದು ಪ್ರಚಲಿತ ಲೆಕ್ಕ. ನನ್ನ ಓಟು ಡಿಲನ್‌ಗೇ.

● ಜಮಿರೊಕ್ವಾಯ್ ತಂಡದ ‘ವರ್ಚುವಲ್ ಇನ್‌ಸ್ಯಾನಿಟಿ’ಯಲ್ಲಿ (1996) ನೆಲವೇ ಜಾರುವಂತೆ ಕಾಣುತ್ತದೆ. ಅಸಲಿಗೆ ನೆಲ ಕದಲುವುದೇ ಇಲ್ಲ! ಗೋಡೆಗಳನ್ನು ತಳ್ಳಲಾಗುತ್ತಿತ್ತು, ಕ್ಯಾಮೆರಾ ಗೋಡೆಗೇ ಕಚ್ಚಿಕೊಂಡಿತ್ತು. ಪ್ಲೈವುಡ್ ಗೋಡೆಗೆ ಗಾಲಿ ಕೂರಿಸಿ, ತಳ್ಳಲು ಹಾಸ್ಟೆಲಿನ ಹತ್ತು ಮಂದಿಯನ್ನು ಕರೆತಂದರೆ ನಿಮ್ಮಿಂದಲೂ ಆದೀತು.

● ಫ್ರೆಡ್ ಆಸ್ಟೇರ್ 1951ರ ‘ರಾಯಲ್ ವೆಡ್ಡಿಂಗ್’ ಚಿತ್ರದಲ್ಲಿ ಛಾವಣಿಯ ಮೇಲೆ ಕುಣಿದದ್ದು ಇಡೀ ಕೋಣೆಯನ್ನೇ ತಿರುಗಿಸಿದ್ದರಿಂದ. ಲಯನೆಲ್ ರಿಚಿ 1986ರ ತಮ್ಮ ವಿಡಿಯೊದಲ್ಲಿ ಅದನ್ನೇ ಮಾಡಿದಾಗ ನಿರ್ದೇಶಿಸಿದವರು ಯಾರು? ಹಳೆಯ ಚಿತ್ರದ ಅದೇ ಸ್ಟಾನ್ಲಿ ಡೋನನ್!

● ನಾಯಕನ ತಲೆಯ ಮೇಲೆ ಒಡೆಯುವ ಬಾಟಲಿ ಹಿಂದೆ ಸಕ್ಕರೆಯದಾಗಿರುತ್ತಿತ್ತು. ಪಾಕ ಕಾಯಿಸಿ ಅಚ್ಚಿಗೆ ಹೊಯ್ದು ಮಾಡುತ್ತಿದ್ದರು. ಈಗ ರಾಳದ್ದು ಬಂದಿದೆ. ಸಕ್ಕರೆಯದು ತೇವ ಹೀರಿ ಮೆತ್ತಗಾಗುತ್ತದೆ. ಮಂಗಳೂರಿನ ಜುಲೈನಲ್ಲಿ ಶೂಟಿಂಗ್ ಇದ್ದರೆ ಬೆಳಿಗ್ಗೆ ಹೊಯ್ದದ್ದನ್ನು ಮಧ್ಯಾಹ್ನದೊಳಗೆ ಒಡೆದು ಮುಗಿಸಿ. ಇರುವೆಗಳು ಕಾಲ್‌ಶೀಟ್ ನೋಡುವುದಿಲ್ಲ.