ಎಲುಬಿನೊಳಗೆ ಹುಟ್ಟುವ ರಕ್ತ

ಮಕ್ಕಳೇ, ವಾರಕ್ಕೊಮ್ಮೆ ಶಾಲೆಯಲ್ಲಿ ಊಟವಾದ ಮೇಲೆ ಕೊಡುವ ನೀಲಿ ಗುಳಿಗೆ ನಿಮಗೆಲ್ಲ ಗೊತ್ತು. ಅದರಲ್ಲಿ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತವೆ. ಹೋದ ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಸರ್, ಮೂರು ವಾರ ನುಂಗೀನ್ರಿ. ಮೆಟ್ಟಲಾ ಹತ್ತಿದ್ರ ಇನ್ನೂ ದಮ್ಮು ಬರತೈತಿ. ಇದರಿಂದ ಏನೂ ಆಗೂದಿಲ್ಲ, ಬಿಟ್ಟಬಿಡ್ತೀನಿ" ಅಂದಳು. ಅವಳಿಗೆ ಉತ್ತರ ಕೊಡಬೇಕಾದರೆ ರಕ್ತ ಎಲ್ಲಿ, ಹೇಗೆ ತಯಾರಾಗುತ್ತದೆ ಎಂದು ಹೇಳಬೇಕಾಯಿತು.

ರಕ್ತದಲ್ಲಿ ಸುಮಾರು ಅರ್ಧಕ್ಕಿಂತ ಹೆಚ್ಚು ಪಾಲು ಹಳದಿ ಬಣ್ಣದ ದ್ರವ. ಅದೇ ಪ್ಲಾಸ್ಮಾ. ಅದರಲ್ಲಿ ಮೂರು ಬಗೆಯ ಕಣಗಳು ತೇಲುತ್ತವೆ. ಕೆಂಪು ರಕ್ತಕಣ ಆಮ್ಲಜನಕ ಹೊರುತ್ತದೆ. ಬಿಳಿ ರಕ್ತಕಣ ರೋಗಾಣುಗಳ ಜೊತೆ ಹೋರಾಡುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು ಕಿರುತಟ್ಟೆ, ಅಂದರೆ ಪ್ಲೇಟ್‌ಲೆಟ್. ಡೆಂಗ್ಯೂ ಬಂದಾಗ "ಪ್ಲೇಟ್‌ಲೆಟ್ ಇಳದಾವ" ಅಂತ ಮನೆಯಲ್ಲಿ ಕೇಳಿರುತ್ತೀರಿ.

ಈ ಮೂರೂ ಹುಟ್ಟುವುದು ಎಲುಬಿನೊಳಗಿನ ಮೆತ್ತನೆಯ ಕೆಂಪು ಅಸ್ಥಿಮಜ್ಜೆಯಲ್ಲಿ. ಚಿಕ್ಕ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲ ಎಲುಬುಗಳಲ್ಲೂ ಈ ಕೆಲಸ ನಡೆಯುತ್ತದೆ. ದೊಡ್ಡವರಲ್ಲಿ ಮುಖ್ಯವಾಗಿ ಟೊಂಕದ ಎಲುಬು, ಬೆನ್ನೆಲುಬು, ಪಕ್ಕೆಲುಬು, ಎದೆಯ ನಡುವಿನ ಎಲುಬುಗಳಲ್ಲಿ.

ಮಜ್ಜೆಯಲ್ಲಿ ಆಕರಕೋಶಗಳಿವೆ. ಬೀಜದ ಕಾಳಿನ ಹಾಗೆ ಅಂದುಕೊಳ್ಳಿ. ರಾಶಿಯಲ್ಲಿ ಸ್ವಲ್ಪ ಕಾಳನ್ನು ಬಿತ್ತನೆಗೆ ಎತ್ತಿಡುತ್ತೇವಲ್ಲ, ಹಾಗೆಯೇ ಆಕರಕೋಶ ಒಡೆದಾಗ ಕೆಲವು ಆಕರಕೋಶಗಳಾಗಿಯೇ ಉಳಿಯುತ್ತವೆ, ಕೆಲವು ರಕ್ತಕಣಗಳಾಗುವ ದಾರಿ ಹಿಡಿಯುತ್ತವೆ. ಟೊರೊಂಟೊದ ಟಿಲ್ ಮತ್ತು ಮೆಕಲಾಕ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ, 1961ರಲ್ಲಿ ಇಂಥ ಕೋಶಗಳಿಗೆ ಸಾಕ್ಷ್ಯ ಕೊಟ್ಟರು.

ಕೆಂಪು ಕಣ ತಯಾರಾಗಲು ಸುಮಾರು ಒಂದು ವಾರ ಬೇಕು. ಆ ವಾರದಲ್ಲಿ ಅದು ತನ್ನೊಳಗೆ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಕೊನೆಗೆ ತನ್ನ ಕೋಶಕೇಂದ್ರವನ್ನೇ ಹೊರಗೆ ಹಾಕಿ, ನಡುವೆ ತಗ್ಗಾದ ಬಿಲ್ಲೆಯಂತಾಗಿ ರಕ್ತನಾಳಕ್ಕೆ ಇಳಿಯುತ್ತದೆ. ಕೇಂದ್ರವಿಲ್ಲದ ಕಣ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲಾರದು. 120 ದಿನ ಓಡಾಡಿ ಸವೆಯುತ್ತದೆ. ಗುಲ್ಮ ಮತ್ತು ಯಕೃತ್ತಿನಲ್ಲಿ ಅದನ್ನು ಒಡೆದು, ಅದರ ಕಬ್ಬಿಣವನ್ನು ದೇಹ ಮತ್ತೆ ಬಳಸುತ್ತದೆ.

ಒಂದು ಲೆಕ್ಕ ಮಾಡೋಣ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. 1 ಮಿಲಿಲೀಟರಿನಲ್ಲಿ ಸುಮಾರು 500 ಕೋಟಿ ಕೆಂಪು ಕಣ. ಒಟ್ಟು 25 ಲಕ್ಷ ಕೋಟಿ. ಇದನ್ನು 120 ದಿನಕ್ಕೆ, ಆಮೇಲೆ ದಿನದ 86,400 ಸೆಕೆಂಡಿಗೆ ಭಾಗಿಸಿ. ನೀವು "ಒಂದು" ಅನ್ನುವಷ್ಟರಲ್ಲಿ ಸುಮಾರು 24 ಲಕ್ಷ ಹೊಸ ಕಣ!

ಪ್ರತಿ ಹಿಮೋಗ್ಲೋಬಿನ್ ಅಣುವಿಗೂ ನಾಲ್ಕು ಕಬ್ಬಿಣದ ಪರಮಾಣು ಬೇಕು. ಕಬ್ಬಿಣ ಸಾಲದಿದ್ದರೆ ಮಜ್ಜೆ ಸಣ್ಣ, ಬಿಳಚಿದ ಕಣಗಳನ್ನು ಮಾಡುತ್ತದೆ. ನೀವು ಈಗ ಗುಳಿಗೆ ನುಂಗಿದರೂ ಆ ಹಳೆಯ ಕಣಗಳು ಕೂಡಲೇ ಬದಲಾಗುವುದಿಲ್ಲ. ಅವು ಸವೆಯುತ್ತಾ ಹೋದಂತೆ ಹೊಸವು ಜಾಗ ತುಂಬುತ್ತವೆ. ಅದಕ್ಕೇ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಸೊಪ್ಪು, ಬೇಳೆಕಾಳಿನ ಜೊತೆ ಲಿಂಬೆ ಹಿಂಡಿಕೊಳ್ಳಿ, ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಊಟದ ಬೆನ್ನಿಗೇ ಚಹಾ ಬೇಡ, ಅದು ತಡೆಯುತ್ತದೆ. ಬರಿಗಾಲಲ್ಲಿ ಬಯಲಿಗೆ ಹೋದರೆ ಕೊಕ್ಕೆಹುಳು ಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ವಾರದ ಗುಳಿಗೆ ಮುನ್ನೆಚ್ಚರಿಕೆಗೆ ಮಾತ್ರ. ಸುಸ್ತು, ದಮ್ಮು ಇದ್ದರೆ ರಕ್ತ ಪರೀಕ್ಷೆ ಆಗಲೇಬೇಕು, ಕಾರಣ ಬೇರೆಯೂ ಇರಬಹುದು.

ಆ ಹುಡುಗಿಯನ್ನೂ ಪರೀಕ್ಷೆಗೆ ಕಳಿಸಿದೆವು. 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 9 ಇತ್ತು. ವೈದ್ಯರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಅವಳು ಬಿಡದೆ ನುಂಗಿದಳು. ನಾಲ್ಕು ತಿಂಗಳ ಮೇಲೆ ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ದಾಟಿ ಓಡಿ, ಮೇಲಿಂದ ಕೂಗಿದಳು: "ಸರ್, ಈಗ ನಿಮಗ ದಮ್ಮು ಬರಾಕತ್ತೈತಿ!"