ಹರಕೆಯ ಕಿರ್ದಿಯಲ್ಲಿ ಜಮಾ ಮಾತ್ರ!

ಶ್ರೀರಂಗಪಟ್ಟಣದ ಪಕ್ಕ ಗಂಜಾಮಿನಲ್ಲಿ, ಕಾವೇರಿ ದಂಡೆಯ ಮೇಲೆ ನಿಮಿಷಾಂಬ ತಾಯಿ ಇದ್ದಾಳೆ. ಕೇಳಿದ ವರವನ್ನು ನಿಮಿಷದಲ್ಲಿ ಕೊಡುವವಳು ಎಂಬುದು ಪ್ರತೀತಿ. ಹುಣ್ಣಿಮೆ ಬಂತು, ಶುಕ್ರವಾರ ಬಂತು ಎಂದರೆ ಜನವೋ ಜನ. ಮಗಳಿಗೆ ಗಂಡು ಸಿಗಲಿಲ್ಲ ಅನ್ನುವ ತಾಯಿ, ಕೋರ್ಟಿನಲ್ಲಿ ಜಮೀನಿನ ಕೇಸು ಎಳೆದಾಡುತ್ತಿರುವ ಗೌಡರು, ಹೊಸ ಅಂಗಡಿಗೆ ಬೋಣಿ ಆಗುವ ಮುಂಚೆ ಬೀಗದ ಕೈ ತಂದು ಪೂಜೆ ಮಾಡಿಸುವ ವ್ಯಾಪಾರಿ, ಎಲ್ಲರೂ ಒಂದೇ ಸಾಲಿನಲ್ಲಿ. ಹೋಗಬೇಡಿ ಅಂತ ಹೇಳೋಕೆ ಈ ಬರಹ ಅಲ್ಲ. ಹೊಳೆಯ ದಂಡೆ, ತಂಪು ಗಾಳಿ, ಎದೆಯ ಭಾರ ಇಳಿಸೋಕೆ ಒಂದು ಜಾಗ. ಅವರವರ ಇಷ್ಟ.

ನಮ್ಮ ತಕರಾರು ಇರೋದು ಆಮೇಲಿನ ಮಾತಿನ ಮೇಲೆ. ಕೆಲಸ ಆದವರು ವಾಪಸ್ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳುತ್ತಾರಲ್ಲ, "ಕೇಳ್ಕೊಂಡೆ, ಆಯ್ತು. ದೇವರಿದ್ದಾನೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ ಸ್ವಾಮಿ?" ಅಂತ, ಆ ಮಾತಿನ ಮೇಲೆ.

ಬೇಕು ಸ್ವಾಮಿ. ಐನೂರರ ನೋಟು ಕೊಟ್ಟರೆ ಬೆಳಕಿಗೆ ಹಿಡಿದು ನೋಡುವ ಜನ ನಾವು. ಕಂಡಕ್ಟರು ಎರಡು ರೂಪಾಯಿ ಚಿಲ್ಲರೆ ಕಡಿಮೆ ಕೊಟ್ಟರೆ ಇಳಿಯುವ ತನಕ ಬಿಡೋದಿಲ್ಲ. ಇಷ್ಟೆಲ್ಲ ಎಣಿಸುವವರು ಹರಕೆಯ ವಿಷಯಕ್ಕೆ ಬಂದಾಗ ಮಾತ್ರ ಲೆಕ್ಕವೇ ಬೇಡ ಅಂದರೆ ಹೇಗೆ?

ಪವಾಡವನ್ನು ಪರೀಕ್ಷೆ ಮಾಡಿ ನೋಡುವ ಕೆಲಸ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1976ರಲ್ಲಿ ಪಾಂಡವಪುರದಲ್ಲಿ ಒಬ್ಬ ಪುಟ್ಟ ಬಾಲಕನ ಮೈಯಿಂದ ವಿಭೂತಿ ಉದುರುತ್ತದೆ ಎಂದು ಜನ ಮುಗಿಬಿದ್ದಿದ್ದರು. ಆಗ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡವರ ಮನೆ ಹುಡುಗ, ಅಮೆರಿಕಕ್ಕೆ ಹೋಗಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, ಗಾಂಧಿ ಟೋಪಿ ಹಾಕಿಕೊಂಡು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲೇ ಜೀವನ ಕಳೆದ ಆಸಾಮಿ. ಪವಾಡಗಳನ್ನು ಪರಿಶೀಲಿಸಲಿಕ್ಕೆಂದೇ ಅವರು ಆ ವರ್ಷ ಒಂದು ಸಮಿತಿ ಮಾಡಿದ್ದರು. ಪಾಂಡವಪುರಕ್ಕೂ ಬಂದರು. ವಿಭೂತಿ ಬರುತ್ತಿದ್ದದ್ದು ಬಟ್ಟೆಯೊಳಗಿಂದ, ಮೈಯಿಂದಲ್ಲ ಅನ್ನೋದು ಬಯಲಾಯಿತು. ಆ ಎಳೆಯ ಮಗುವನ್ನು ದೂರುವ ಹಾಗಿಲ್ಲ. ತಟ್ಟೆ ಹಿಡಿದು ಪಕ್ಕದಲ್ಲಿ ನಿಂತ ದೊಡ್ಡವರನ್ನು ಬೇಕಾದರೆ ಕೇಳಬಹುದಿತ್ತು.

ಆಮೇಲೆ 1995ರ ಸೆಪ್ಟೆಂಬರ್ 21 ಬಂತು. ದೇಶದ ಉದ್ದಗಲಕ್ಕೂ ಗಣಪತಿ ಹಾಲು ಕುಡಿದ. ಚಮಚ ಹಿಡಿದವರ ಸಾಲು ಬೀದಿಗೆ ಬಂತು, ಹಾಲು ಸಿಗದಾಯಿತು. ದೆಹಲಿಯಲ್ಲಿ ಸರ್ಕಾರದ ವಿಜ್ಞಾನಿಗಳು ಹೋಗಿ ಹಾಲಿಗೆ ಬಣ್ಣ ಬೆರೆಸಿ ಕುಡಿಸಿದರು. ಚಮಚ ಬಿಟ್ಟ ಹಾಲು ತೆಳುವಾಗಿ ವಿಗ್ರಹದ ಮೈಮೇಲೆ ಹರಿದು ಕೆಳಗಿಳಿಯೋದು ಕಣ್ಣಿಗೇ ಕಂಡಿತು. ಹಾಲಿನ ಮೇಲ್ಮೈ ಸೆಳೆತದ ಕೆಲಸ ಅದು. ತುಂಬಿದ ಲೋಟದ ಅಂಚಿಗೆ ಬೆರಳು ಮುಟ್ಟಿಸಿದರೆ ಹಾಲು ಬೆರಳಿನ ಗುಂಟ ಇಳಿಯುತ್ತದಲ್ಲ, ಅದೇ.

ಇವು ಸುಲಭದ ಪವಾಡಗಳು. ಅಂಗಿ ಬಿಚ್ಚಿಸಿದರೆ ಅಥವಾ ಹಾಲಿಗೆ ಬಣ್ಣ ಹಾಕಿದರೆ ಗುಟ್ಟು ಗೊತ್ತಾಗುತ್ತದೆ. ಕಷ್ಟ ಇರೋದು ಹರಕೆಯಲ್ಲಿ. ಅಲ್ಲಿ ಯಾರೂ ಮೋಸ ಮಾಡಿಲ್ಲ. ಕೇಳಿಕೊಂಡದ್ದೂ ನಿಜ, ಆದದ್ದೂ ನಿಜ. ಬಿಚ್ಚಿಸೋಕೆ ಅಂಗಿಯೇ ಇಲ್ಲ. ಅಲ್ಲಿ ಇರೋದು ಲೆಕ್ಕದ ಪ್ರಶ್ನೆ.

ಮುಳುಗಿದವರ ಚಿತ್ರ ಎಲ್ಲಿ?

ಎರಡು ಸಾವಿರ ವರ್ಷಕ್ಕೂ ಹಿಂದೆ ರೋಮಿನ ಸಿಸಿರೋ ಎಂಬ ಪಂಡಿತ ಒಂದು ಕಥೆ ಬರೆದಿಟ್ಟಿದ್ದಾನೆ. ಗ್ರೀಸಿನ ಡಯಾಗೊರಸ್ ದೇವರನ್ನು ನಂಬದ ಮನುಷ್ಯ. ಅವನನ್ನು ಗೆಳೆಯನೊಬ್ಬ ಗುಡಿಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಚಿತ್ರಗಳನ್ನು ತೋರಿಸಿದನಂತೆ. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ, ಹರಕೆ ಹೊತ್ತು, ಬದುಕಿ ಬಂದವರು ಕೊಟ್ಟ ಚಿತ್ರಗಳು. ಇಷ್ಟು ಜನರನ್ನು ದೇವರು ಉಳಿಸಿದ್ದಾನೆ, ಈಗೇನು ಹೇಳ್ತೀಯ ಅಂತ ಗೆಳೆಯನ ಸವಾಲು. ಹರಕೆ ಹೊತ್ತೂ ಮುಳುಗಿದವರ ಚಿತ್ರ ಎಲ್ಲಿ ತೂಗುಹಾಕಿದ್ದಾರೆ ಅಂತ ಅವನು ತಿರುಗಿ ಕೇಳಿದ.

ನಮ್ಮಲ್ಲೂ ಹಾಗೇ. ಘಟ್ಟದ ಕೆಳಗೆ ಕೊಕ್ಕಡದ ಹತ್ತಿರ ಸೌತಡ್ಕ ಗಣಪತಿಗೆ ಕೆಲಸ ಆದವರು ಗಂಟೆ ಕಟ್ಟುತ್ತಾರೆ. ಗುಡಿ ಇಲ್ಲದ, ಬಯಲಿನಲ್ಲೇ ಕೂತ ಗಣಪತಿ. ಸುತ್ತ ಗಂಟೆಗಳ ಗೊಂಚಲು. ಉಜಿರೆ ಬಳಿಯ ಸುರ್ಯದಲ್ಲಿ ಮಣ್ಣಿನ ಗೊಂಬೆ ಒಪ್ಪಿಸುವ ಪದ್ಧತಿ. ಮನೆ ಬೇಕೆಂದವರು ಮಣ್ಣಿನ ಮನೆ, ಮಗು ಬೇಕೆಂದವರು ಮಣ್ಣಿನ ತೊಟ್ಟಿಲು, ಕಾಲುನೋವಿನವರು ಮಣ್ಣಿನ ಕಾಲು. ನೋಡಿದರೆ ಮನಸ್ಸು ಕರಗುತ್ತದೆ, ಸುಳ್ಳು ಹೇಳಬಾರದು. ಆದರೆ ಕೆಲಸ ಆಗದವರು ಗಂಟೆ ಕಟ್ಟೋದಿಲ್ಲ. ಅವರು ಸುಮ್ಮನೆ ಮನೆಯಲ್ಲಿರುತ್ತಾರೆ. ಬರೀ ಜಮಾ ಬರೆದು ಖರ್ಚು ಬರೆಯದ ಕಿರ್ದಿ ಹಿಡಿದುಕೊಂಡು ಬಂದು, ನೋಡಿ ನಮ್ಮ ವ್ಯಾಪಾರದಲ್ಲಿ ನಷ್ಟವೇ ಇಲ್ಲ ಅಂದರೆ ಪೇಟೆ ಬೀದಿಯಲ್ಲಿ ಯಾರಾದರೂ ನಂಬುತ್ತಾರಾ?

ಈ ಮಾತನ್ನು ದಿನಸಿ ಅಂಗಡಿಯ ಶೆಟ್ಟರೊಬ್ಬರ ಮುಂದೆ ಇಟ್ಟೆವು. ಅವರು ತಕ್ಕಡಿ ಬಿಟ್ಟು ನಕ್ಕರು.

"ಕೆಲಸ ಆಗ್ಲಿಲ್ಲ ಅಂದ್ರೆ ನಮ್ ಭಕ್ತಿ ಸಾಲ್ದು ಅಂತ ಲೆಕ್ಕ ಕಣಪ್ಪ."

"ಆದ್ರೆ?"

"ಆದ್ರೆ ತಾಯಿ ದಯೆ."

"ಅಂದ್ರೆ ಲಾಭ ತಾಯಿದು, ನಷ್ಟ ನಿಮ್ದು?"

"ಹಂಗೇ ಅಂತ ಇಟ್ಕೊ. ನಿಂಗೆ ಬೆಲ್ಲ ಎಷ್ಟು ಕಟ್ಲಿ ಹೇಳು."

ಶೆಟ್ಟರು ನಕ್ಕು ಮುಗಿಸಿದರು. ಎಲ್ಲರೂ ನಗಲಾರರು. ಆಸ್ಪತ್ರೆಯಲ್ಲಿ ಮಗು ಕಳೆದುಕೊಂಡ ತಾಯಿಗೆ, "ನೀನು ಯಾವುದೋ ಹರಕೆ ಮರೆತಿದ್ದೀಯ ನೋಡು" ಅಂತ ಹೇಳುವ ನೆಂಟರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಬದುಕಿದ ಮಗುವೇ ದೇವರಿಗೆ ಸಾಕ್ಷಿ ಎಂದಾದರೆ, ಸತ್ತ ಮಗು ತಾಯಿಯ ಮೇಲೆ ಸಾಕ್ಷಿಯಾಗುತ್ತದೆ. ಈ ತರ್ಕದ ಬೆಲೆ ಕೊಡುವವರು ಅಂಥ ತಾಯಂದಿರು.

ಸರ್ಕಾರವೇ ಹೊತ್ತ ಹರಕೆ

2019ರಲ್ಲಿ ಸರ್ಕಾರವೇ ಹರಕೆಗೆ ಇಳಿಯಿತು. ಮುಜರಾಯಿ ಇಲಾಖೆಯ ಸುತ್ತೋಲೆ ಹೊರಟು, ಜೂನ್ 6ರಂದು ರಾಜ್ಯದ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಆಯಿತು. ಜೂನ್ ಮೊದಲ ವಾರ ಅಂದರೆ ಹೇಗಿದ್ದರೂ ಮುಂಗಾರು ಬರುವ ಹೊತ್ತು. ಬಸ್ಸಿನ ಟೈಮಿಗೆ ಸರಿಯಾಗಿ ಸ್ಟಾಂಡಿಗೆ ಹೋಗಿ, ಬಸ್ ಬರಲಿ ಅಂತ ತೆಂಗಿನಕಾಯಿ ಒಡೆದ ಹಾಗೆ. ಮಳೆ ಬಂತು. ಆಗಸ್ಟಿನಲ್ಲಿ ಎಷ್ಟು ಬಂತೆಂದರೆ ಬೆಳಗಾವಿಯಿಂದ ಕೊಡಗಿನವರೆಗೆ ಊರುಗಳು ಮುಳುಗಿದವು, ಗುಡ್ಡ ಜರಿದು ಮನೆಗಳು ಹೋದವು. ಅದನ್ನು ಹೋಮದ ಫಲ ಎಂದು ಯಾರೂ ಬರೆದುಕೊಳ್ಳಲಿಲ್ಲ. ನಮ್ಮ ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿದ ವರ್ಷ ಬಾಗಿನ, ಫೋಟೋ, ಭಾಷಣ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. ಆ ವರ್ಷ ಭಕ್ತರು ಕಡಿಮೆಯಾಗಿದ್ದರೇ?

ಲೆಕ್ಕ ಬಲ್ಲವರು ಯಾರು ಅಂತ ನೋಡಬೇಕಾದರೆ ವಿಮಾ ಕಂಪನಿಯವರನ್ನು ನೋಡಿ. ಜೀವವಿಮೆ ಫಾರಂನಲ್ಲಿ ವಯಸ್ಸು ಕೇಳ್ತಾರೆ, ಬೀಡಿ ಸಿಗರೇಟು ಕೇಳ್ತಾರೆ, ಸಕ್ಕರೆ ಕಾಯಿಲೆ ಕೇಳ್ತಾರೆ. ಯಾವ ದೇವರಿಗೆ ನಡ್ಕೊಳ್ತೀರಿ, ವಾರ ಮಾಡ್ತೀರಾ ಅಂತ ಕೇಳುವ ಕಾಲಂ ಇಲ್ಲ. ಬಸ್ಸಿನ ಡ್ಯಾಶ್‌ಬೋರ್ಡಿನ ಮೇಲೆ ಚಾಮುಂಡಿ ಇರಲಿ, ಏಸು ಇರಲಿ, ದರ್ಗಾದ ತಾಯಿತ ಇರಲಿ, ಪ್ರೀಮಿಯಂನಲ್ಲಿ ಬಿಡಿಗಾಸು ಕಡಿಮೆಯಿಲ್ಲ. ಪ್ರಾರ್ಥನೆಯಿಂದ ಅಪಘಾತ ಕಡಿಮೆ ಆಗುವಂತಿದ್ದರೆ ಅದನ್ನು ಮೊದಲು ಪತ್ತೆ ಹಚ್ಚುತ್ತಿದ್ದವರು ಅವರೇ. ದುಡ್ಡಿನ ವಿಷಯ ನೋಡಿ.

ಅಮೆರಿಕದಲ್ಲಿ ಇದನ್ನೂ ಪರೀಕ್ಷೆ ಮಾಡಿದ್ದಾರೆ. ಹೃದಯದ ಬೈಪಾಸ್ ಆಪರೇಷನ್ ಆದ 1,802 ರೋಗಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗಾಗಿ ಚರ್ಚಿನ ಕಡೆಯವರು ಪ್ರಾರ್ಥಿಸಿದರು, ಎರಡನೆಯದಕ್ಕೆ ಪ್ರಾರ್ಥನೆ ಇಲ್ಲ. ತಾವು ಯಾವ ಗುಂಪು ಅಂತ ಈ ಎರಡರ ರೋಗಿಗಳಿಗೂ ಗೊತ್ತಿರಲಿಲ್ಲ. ಮೂರನೆಯವರಿಗೆ ಮಾತ್ರ, ನಿಮಗಾಗಿ ಪ್ರಾರ್ಥನೆ ನಡೀತಿದೆ ಅಂತ ಹೇಳಿದ್ದರು. 2006ರಲ್ಲಿ ಫಲಿತಾಂಶ ಬಂತು. ಪ್ರಾರ್ಥನೆ ಇದ್ದವರಲ್ಲಿ ತೊಂದರೆ ಕಾಣಿಸಿಕೊಂಡದ್ದು ನೂರಕ್ಕೆ 52 ಮಂದಿಗೆ, ಇಲ್ಲದವರಲ್ಲಿ 51. ವಿಷಯ ಗೊತ್ತಿದ್ದವರಲ್ಲಿ 59! ಇದಕ್ಕೆ ದುಡ್ಡು ಕೊಟ್ಟದ್ದು ನಾಸ್ತಿಕರಲ್ಲ, ಧರ್ಮ ಮತ್ತು ವಿಜ್ಞಾನದ ನಂಟನ್ನು ಪೋಷಿಸುವ ಟೆಂಪಲ್ಟನ್ ಪ್ರತಿಷ್ಠಾನ.

ಮಂತ್ರಕ್ಕೆ ಇಳಿಯುವ ವಿಷ

ದೂರದ ಮಾತು ಬಿಡಿ. ಕಬ್ಬಿನ ಗದ್ದೆಗೆ ಬನ್ನಿ. ಹಾವು ಕಚ್ಚಿದರೆ ಮಂತ್ರ ಹಾಕುವವರ ಹತ್ತಿರ ಓಡುವ ಅಭ್ಯಾಸ ಪೂರ್ತಿ ಹೋಗಿಲ್ಲ. ಯಾಕೆ ಹೋಗಿಲ್ಲ ಅಂದರೆ, ಮಂತ್ರಕ್ಕೆ ಗುಣ ಆದವರು ಊರಲ್ಲಿ ನಿಜವಾಗಿಯೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿವೆ, ವಿಷ ಇರೋದು 60ರ ಆಸುಪಾಸಿಗೆ. ಕೇರೆ ಹಾವೋ ನೀರು ಹಾವೋ ಕತ್ತಲಲ್ಲಿ ಕಚ್ಚಿದರೆ ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. ನಾಗರ, ಕೊಳಕುಮಂಡಲದಂಥ ವಿಷದ ಹಾವು ಕೂಡ ಒಮ್ಮೊಮ್ಮೆ ವಿಷ ಬಿಡದೆ ಬರೀ ಹಲ್ಲು ಊರುವುದುಂಟು. ಹೀಗಾಗಿ ಯಾವ ಮಂತ್ರಗಾರನಿಗಾದರೂ ಹತ್ತರಲ್ಲಿ ಎಷ್ಟೋ ಕೇಸು ತಾನಾಗಿಯೇ ಪಾಸು. ಆ ಪಾಸುಗಳೇ ಅವನ ಹೆಸರು.

ಕಟ್ಟುಹಾವಿನ ವಿಷಯ ಇನ್ನೂ ಕೆಟ್ಟದ್ದು. ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಕಚ್ಚುತ್ತದೆ. ನೋವೂ ಇಲ್ಲ, ಬಾವೂ ಇಲ್ಲ ಅನ್ನುವಷ್ಟು ಕಡಿಮೆ. ಮಂತ್ರಗಾರ ಬೇವಿನ ಸೊಪ್ಪು ನಿವಾಳಿಸಿ, "ಇಳೀತು, ಮನೆಗೆ ಹೋಗಿ" ಅಂತಾನೆ. ಮನೆಯವರೂ ಕೈ ಮುಗಿದು ಬರುತ್ತಾರೆ. ಕೆಲವು ಗಂಟೆ ಕಳೆದ ಮೇಲೆ ರೆಪ್ಪೆ ಜೋಲುತ್ತದೆ, ನಾಲಿಗೆ ತೊದಲುತ್ತದೆ, ಉಸಿರಾಡುವ ಸ್ನಾಯು ನಿಲ್ಲುತ್ತದೆ. ಆಸ್ಪತ್ರೆಯ ಚುಚ್ಚುಮದ್ದಿಗೆ ಬೇಕಾಗಿದ್ದ ಗಂಟೆಗಳು ಅವು. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ 58 ಸಾವಿರ. ಅವರಲ್ಲಿ ಮೊದಲು ಮಂತ್ರಗಾರನ ಜಗಲಿಗೆ ಹೋದವರು ಬಂದು ಸಾಕ್ಷಿ ಹೇಳಲಾರರು. ಹಾವು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ, ದಾರ ಅಂತ ಕೂರಿಸುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧ ಮಾಡಿದೆ. 2024ರಲ್ಲಿ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು ಎಂದಿತು. ಅಂತೂ ಖರ್ಚಿನ ಕಾಲಂ ಬರೆಯಲು ಶುರುವಾಯಿತು.

"ಪವಾಡಸದೃಶ ಪಾರು"

ಪತ್ರಿಕೆಗಳಿಗೆ ಪ್ರಿಯವಾದ ಮಾತು ಇದು. ಬಸ್ ಉರುಳಿತು, ಲಾರಿ ಗುದ್ದಿತು, ಒಬ್ಬ ಉಳಿದ ಅಂದರೆ ತಲೆಬರಹ ತಯಾರು.

2018ರ ನವೆಂಬರ್ 24, ಶನಿವಾರ. ಪಾಂಡವಪುರದ ಕಡೆಯಿಂದ ಮಂಡ್ಯಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ಸತ್ತರು. ಕಿಟಕಿಯಿಂದ ಹೇಗೋ ಹೊರಬಂದು ಬದುಕಿದವರು ಬೆರಳೆಣಿಕೆ. ಅವರು ಬದುಕಿದ್ದು ನಮಗೆಲ್ಲ ಸಂತೋಷ. ಅವರ ಮನೆಯವರು ದೇವರಿಗೆ ದೀಪ ಹಚ್ಚಿದರೆ ಅದನ್ನು ಆಡಿಕೊಳ್ಳುವ ಕಲ್ಲುಹೃದಯ ನಮಗಿಲ್ಲ. ಆದರೆ ನೀರು ನುಗ್ಗಿದಾಗ ಆ ಬಸ್ಸಿನಲ್ಲಿ ದೇವರ ಹೆಸರು ಕೂಗಿದವರು ಬದುಕಿದವರಷ್ಟೇ ಆಗಿರಲಾರರು. ಮೂವತ್ತು ಮಂದಿಯೂ ತಮ್ಮ ತಮ್ಮ ದೇವರನ್ನು ಕರೆದೇ ಇರಬೇಕು. ಕೈಗೆ ಸಿಕ್ಕಿದ್ದು ಕೆಲವರಿಗೆ ಕಿಟಕಿ, ಉಳಿದವರಿಗೆ ನೀರು.

ಪವಾಡ ಅನ್ನುವ ಪದ ಬಂದ ಕೂಡಲೇ ಜನ ಮೇಲೆ ನೋಡುತ್ತಾರೆ. ಇಲ್ಲಿ ನೋಡಬೇಕಾಗಿದ್ದದ್ದು ಕೆಳಗೆ, ಏರಿಯ ಅಂಚಿಗೆ. ಬಸ್ ಬಿದ್ದ ಕಡೆ ತಡೆಗೋಡೆ ಇರಲಿಲ್ಲ. ಆಗ ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು, ನಾಲೆಗುಂಟ ಗೋಡೆ ಕಟ್ಟಬೇಕು ಎಂಬ ಮಾತು ಎಲ್ಲರ ಬಾಯಲ್ಲೂ ಬಂತು. ಐದು ವರ್ಷ ಕಳೆದು, 2023ರ ನವೆಂಬರಿನಲ್ಲಿ, ಅದೇ ಪಾಂಡವಪುರ ತಾಲ್ಲೂಕಿನ ಬನಘಟ್ಟದ ಹತ್ತಿರ, ಅದೇ ನಾಲೆಗೆ ಒಂದು ಕಾರು ಬಿತ್ತು. ಒಳಗಿದ್ದ ಐದು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಸಲ ಪವಾಡದ ಮಾತನ್ನು ಯಾರೂ ಎತ್ತಲಿಲ್ಲ. ತಡೆಗೋಡೆ ಯಾಕಿಲ್ಲ ಎಂದು ಜನ ನಾಲೆ ಏರಿಯ ಮೇಲೆ ನಿಂತು ಅಧಿಕಾರಿಗಳನ್ನೇ ಕೇಳಿದರು.